ಉಪ್ಪು ಹುಳಿ ಖಾರ ಬೀಳುವ ಮೊದಲು

ನಮ್ಮೂರ ಕಡೆ ನಾಯಿಗೆ ಅಂತ ಬೇರೆ ಅಡುಗೆ ಇರಲಿಲ್ಲ. ರಾತ್ರಿ ಎಲ್ಲರ ಊಟ ಆದ ಮೇಲೆ ಮುದ್ದೆ ಪಾತ್ರೆಗೆ ತಳ ಹತ್ತಿದ್ದನ್ನು ಕೆರೆದು, ಉಳಿದ ಸಾರನ್ನು ಮೇಲೆ ಹುಯ್ದು, ಹಿತ್ತಲ ಬಾಗಿಲ ಹತ್ತಿರ ಬಿದ್ದಿರುತ್ತಿದ್ದ ಸೊಟ್ಟ ಅಲ್ಯೂಮಿನಿಯಂ ತಟ್ಟೆಗೆ ಹಾಕಿದರೆ ಮುಗಿಯಿತು. ಕರಿಯನೋ ರಾಮುವೋ ಬಂದು ತಿಂದು, ಆ ತಟ್ಟೆಯನ್ನು ನೆಕ್ಕುತ್ತಾ ನೆಕ್ಕುತ್ತಾ ಅಂಗಳದ ತುದಿಯವರೆಗೂ ತಳ್ಳಿಕೊಂಡು ಹೋಗುತ್ತಿತ್ತು. ಮಂಡ್ಯ ಜಿಲ್ಲೆಯ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಇದೇ ಪದ್ಧತಿ. ಬಾಗಲಕೋಟೆ ಕಡೆ ಹೋದರೆ ಮುದ್ದೆಯ ಜಾಗದಲ್ಲಿ ಜೋಳದ ರೊಟ್ಟಿ, ಕರಾವಳಿಗೆ ಇಳಿದರೆ ಕುಚ್ಚಲಕ್ಕಿ ಗಂಜಿ, ಮೀನಿನ ತಲೆ.

ಈ ನೆನಪಿರುವವರೆಲ್ಲ ಒಂದೇ ಮಾತು ಹೇಳುತ್ತಾರೆ. "ಆಗಿನ ನಾಯಿಗಳಿಗೆ ಪ್ಯಾಕೆಟ್ಟೂ ಇರಲಿಲ್ಲ, ಡಾಕ್ಟರೂ ಇರಲಿಲ್ಲ. ಎಷ್ಟು ಗಟ್ಟಿಮುಟ್ಟಾಗಿದ್ದವು!" ಬದುಕಿ ಉಳಿದ ಗಟ್ಟಿಗಳನ್ನು ಮಾತ್ರ ನಾವು ನೋಡಿದ್ದು ಅಲ್ವಾ? ಒಂದು ಸಲಕ್ಕೆ ಐದಾರು ಮರಿ ಹಾಕಿದರೆ ದೊಡ್ಡದಾಗುತ್ತಿದ್ದುದು ಒಂದೋ ಎರಡೋ. ಯಾವ ನಾಯಿ ಎಷ್ಟು ವರ್ಷ ಬದುಕಿತು ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಮೇಲಾಗಿ ಅವು ಬರೀ ಮುದ್ದೆ ಸಾರು ತಿಂದು ಬದುಕಿದ್ದಲ್ಲ. ದಿನವಿಡೀ ಗದ್ದೆ ಬಯಲು ಸುತ್ತಿ ಇಲಿ, ಏಡಿ, ಓತಿಕ್ಯಾತ ಹಿಡಿಯುತ್ತಿದ್ದವು. ಹಸು ಕರು ಹಾಕಿದ ದಿನ ಕೊಟ್ಟಿಗೆಯ ಹಿಂದೆ ಕಾದು ಕೂರುತ್ತಿದ್ದವು. ಮಾರಿಹಬ್ಬದ ಮಾರನೇ ದಿನ ಊರೆಲ್ಲ ಮೂಳೆ. ನಾವು ಹಾಕುತ್ತಿದ್ದ ಮುದ್ದೆ ಹೊಟ್ಟೆ ತುಂಬಿಸುತ್ತಿತ್ತು, ಉಳಿದದ್ದನ್ನು ಅವೇ ಹುಡುಕಿಕೊಳ್ಳುತ್ತಿದ್ದವು.

ಬೆಂಗಳೂರಿನ ಮೂರನೇ ಮಹಡಿಯ ಮನೆಯಲ್ಲಿರುವ ನನ್ನ ಚುಕ್ಕಿಗೆ ಆ ಅನುಕೂಲ ಇಲ್ಲ. ಅವಳು ಬೀದಿಯಲ್ಲಿ ಹುಟ್ಟಿದವಳು. ಈಗ 20 ಕೆಜಿ ತೂಗುತ್ತಾಳೆ, ವಯಸ್ಸಾಗುತ್ತಿದೆ, ಮೂತಿಯ ಸುತ್ತ ಬಿಳಿ ಬಂದಿದೆ. ನಾನು ತಟ್ಟೆಗೆ ಏನು ಹಾಕುತ್ತೇನೋ ಅದೇ ಅವಳ ಊಟ, ಬೇರೆ ದಾರಿಯಿಲ್ಲ. ಅವಳ ಊಟದ ಬಹುಪಾಲು ಅಂಗಡಿಯ ಒಣ ಡಾಗ್ ಫುಡ್. ಅದರ ಮೇಲೆ ದಿನವೂ ನಮ್ಮ ಅಡುಗೆಮನೆಯಿಂದ ಸ್ವಲ್ಪ ಏನಾದರೂ ಬೀಳುತ್ತೆ. ಆ ಸ್ವಲ್ಪದ ಬಗ್ಗೆ ತುಂಬಾ ಜನ ಕೇಳುತ್ತಾರೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಪ್ಯಾಕೆಟ್ ಊಟದ ಮೇಲೆ ನನಗೆ ಸಿಟ್ಟಿಲ್ಲ. ಅದರ ಕಥೆ ತಮಾಷೆಯಾಗಿದೆ. ಜೇಮ್ಸ್ ಸ್ಪ್ರಾಟ್ ಅಂತ ಒಬ್ಬ ಅಮೆರಿಕದವನು, ಸಿಡಿಲು ತಡೆಯುವ ಸಲಾಕೆ ಮಾರಲು ಲಂಡನ್ನಿಗೆ ಬಂದಿದ್ದ. ಬಂದರಿನಲ್ಲಿ ನಾವಿಕರು ಎಸೆದ ಗಟ್ಟಿ ಬಿಸ್ಕತ್ತುಗಳನ್ನು ನಾಯಿಗಳು ಮುಗಿಬಿದ್ದು ತಿನ್ನುವುದನ್ನು ನೋಡಿ ಅವನಿಗೆ ಐಡಿಯಾ ಹೊಳೆಯಿತು ಅನ್ನುತ್ತಾರೆ. 1860ರ ಹೊತ್ತಿಗೆ ಗೋಧಿ, ಬೀಟ್‌ರೂಟ್, ಒಣ ಮಾಂಸ ಸೇರಿಸಿದ ನಾಯಿ ಬಿಸ್ಕತ್ತು ಮಾರಾಟಕ್ಕೆ ಬಂತು. ಈಗ ನಾವು ನೋಡುವ ಉಬ್ಬಿದ ಕಾಳಿನಂಥ ಡಾಗ್ ಫುಡ್ ಬಂದದ್ದು 1950ರ ದಶಕದಲ್ಲಿ. ಹಿಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ಅಚ್ಚಿನಿಂದ ತಳ್ಳಿ, ಉಬ್ಬಿಸಿ, ಒಣಗಿಸಿ, ಮೇಲೆ ಕೊಬ್ಬು ಸಿಂಪಡಿಸುತ್ತಾರೆ. ಒಳ್ಳೆಯ ಕಂಪನಿಯದಾದರೆ ಅದರಲ್ಲಿ ಸತು, ತಾಮ್ರ, ಅಯೋಡಿನ್, ವಿಟಮಿನ್ ಡಿ, ವಿಟಮಿನ್ ಇ ಎಲ್ಲ ಅಳತೆ ಪ್ರಕಾರ ಇರುತ್ತೆ. ಈ ಅಳತೆಯನ್ನು ಮನೆಯಲ್ಲಿ ಹಿಡಿಯುವುದು ಬಹಳ ಕಷ್ಟ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಹಾಗಿದ್ದರೆ ಮೇಲೆ ತರಕಾರಿ ಯಾಕೆ?

ಒಂದು ಕಾರಣ ನೀರು. ಒಣ ಡಾಗ್ ಫುಡ್‌ನಲ್ಲಿ ಇರುವ ನೀರು ಶೇಕಡ 10ರ ಆಸುಪಾಸು. ಬೇಯಿಸಿದ ಸೋರೆಕಾಯಿಯಲ್ಲೋ ಸಿಹಿಗುಂಬಳದಲ್ಲೋ ಶೇಕಡ 90ಕ್ಕೂ ಜಾಸ್ತಿ. ಇನ್ನೊಂದು, ಹೊಟ್ಟೆ ತುಂಬಿದ ಹಾಗಾಗುತ್ತೆ, ತೂಕ ಏರುವುದಿಲ್ಲ. ಗಟ್ಟಿ ಪುರಾವೆಯನ್ನು ಹುಡುಕಿದರೆ ನನಗೆ ಯಾವಾಗಲೂ ನೆನಪಾಗುವುದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಸ್ಕಾಟಿಷ್ ಟೆರಿಯರ್ ತಳಿಗೆ ಮೂತ್ರಕೋಶದ ಕ್ಯಾನ್ಸರ್ ಬರುವುದು ಜಾಸ್ತಿ. ಕ್ಯಾನ್ಸರ್ ಬಂದ ನಾಯಿಗಳು ಮತ್ತು ಬಾರದ ನಾಯಿಗಳು ಏನೇನು ತಿನ್ನುತ್ತಿದ್ದವು ಅಂತ ಅವರು ಹೋಲಿಸಿ ನೋಡಿದರು. ವಾರಕ್ಕೆ ಮೂರು ಸಲವಾದರೂ ಸೊಪ್ಪು ಅಥವಾ ಹಳದಿ-ಕೇಸರಿ ಬಣ್ಣದ ತರಕಾರಿ ತಿಂದ ನಾಯಿಗಳಲ್ಲಿ ಈ ಕ್ಯಾನ್ಸರ್ ತುಂಬಾ ಕಡಿಮೆ ಕಂಡಿತು. ಒಂದೇ ತಳಿ, ಕಡಿಮೆ ಸಂಖ್ಯೆಯ ನಾಯಿಗಳು, ಮಾಲೀಕರು ನೆನಪಿಸಿಕೊಂಡು ಹೇಳಿದ ಊಟದ ಲೆಕ್ಕ. ಹಾಗಾಗಿ ಇದನ್ನು ಹಿಡಿದು "ಕ್ಯಾರೆಟ್ ತಿನ್ನಿಸಿ, ಕ್ಯಾನ್ಸರ್ ಓಡಿಸಿ" ಅಂತ ಬೋರ್ಡ್ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ತಳ್ಳಿಹಾಕುವಂಥದ್ದೂ ಅಲ್ಲ. ಎರಡು ಹೋಳು ಸಿಹಿಗುಂಬಳಕ್ಕೆ ನನ್ನ ಖರ್ಚು ಏನೂ ಇಲ್ಲ.

"ನಾಯಿ ಮಾಂಸಾಹಾರಿ, ಅದಕ್ಕೆ ತರಕಾರಿ ಧಾನ್ಯ ಯಾಕೆ" ಅಂತ ಕೇಳುವವರಿಗೂ ಉತ್ತರ ಇದೆ. 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ನಾಯಿ ಮತ್ತು ತೋಳದ ವಂಶವಾಹಿಗಳನ್ನು ಹೋಲಿಸಿದರು. ಪಿಷ್ಟವನ್ನು ಅರಗಿಸುವ ಕಿಣ್ವದ ಜೀನ್ ತೋಳಕ್ಕೆ ಎರಡೇ ಪ್ರತಿ. ನಾಯಿಗೆ ನಾಲ್ಕರಿಂದ 30ರವರೆಗೂ ಇದೆ! ಮನುಷ್ಯ ಬೇಸಾಯ ಶುರುಮಾಡಿ ಅವನ ತಿಪ್ಪೆಯ ಪಕ್ಕದಲ್ಲಿ ಬದುಕಲು ಕಲಿತ ಪ್ರಾಣಿಯ ಹೊಟ್ಟೆಯೇ ಬದಲಾಗಿದೆ. ನಮ್ಮ ಮುಧೋಳ ನಾಯಿಯನ್ನೇ ನೋಡಿ. ಬೇಟೆಗೆ ಹೆಸರಾದ ತಳಿ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಅಲ್ಲಿನ ರೈತರ ಮನೆಗಳಲ್ಲಿ ಅದು ಬೆಳೆದದ್ದು ಜೋಳ ಮತ್ತು ಹಾಲಿನ ಮೇಲೆ. ಈಚೆಗೆ ಬೆಂಗಳೂರಿನ ಪೆಟ್ ಅಂಗಡಿಗಳಲ್ಲಿ "ಗ್ರೇನ್ ಫ್ರೀ" ಅಂತ ಬರೆದ ದುಬಾರಿ ಚೀಲಗಳು ಜೋರಾಗಿ ಮಾರಾಟವಾಗುತ್ತಿವೆ. ಧಾನ್ಯ ತೆಗೆದು ಆ ಜಾಗಕ್ಕೆ ಬಟಾಣಿ, ಬೇಳೆ ತುಂಬಿದ ಊಟಕ್ಕೂ ನಾಯಿಗಳ ಒಂದು ಬಗೆಯ ಹೃದಯ ಕಾಯಿಲೆಗೂ ನಂಟಿದೆಯಾ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2018ರಲ್ಲಿ ತನಿಖೆ ಶುರುಮಾಡಿತು. ಕಾರಣ ಇದೇ ಅಂತ ಖಚಿತವಾಗಿ ತೀರ್ಮಾನ ಆಗಲಿಲ್ಲ. ಆದರೂ ಅಕ್ಕಿ ರಾಗಿಯನ್ನು ವಿಷದಂತೆ ನೋಡಲು ಕಾರಣವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈಗ ಅಡುಗೆಮನೆಗೆ ಬರೋಣ. ನಮ್ಮ ಅಡುಗೆಯಲ್ಲಿ ನಾಯಿಗೆ ಒಳ್ಳೆಯದೂ ಕೆಟ್ಟದ್ದೂ ಒಂದೇ ಪಾತ್ರೆಯಲ್ಲಿ ಇರುತ್ತವೆ. ಆದರೆ ಒಟ್ಟಿಗೆ ಬೀಳುವುದಿಲ್ಲ, ಒಂದಾದ ಮೇಲೊಂದು ಬೀಳುತ್ತವೆ. ನಮ್ಮ ಪುಣ್ಯ ಅದೇ.

ಮನೆಯಲ್ಲಿ ಹುಳಿ ಮಾಡುವ ದಿನ ಹೇಗೆ ನಡೆಯುತ್ತೆ ಅಂದರೆ, ತೊಗರಿಬೇಳೆಯ ಮೇಲೆ ಇನ್ನೊಂದು ಡಬ್ಬಿಯಲ್ಲಿ ಹೆಚ್ಚಿದ ಸಿಹಿಗುಂಬಳ, ಹುರುಳಿಕಾಯಿ, ಕ್ಯಾರೆಟ್ ಇಟ್ಟು ಕುಕ್ಕರ್ ಮುಚ್ಚುತ್ತೇನೆ. ಮೂರು ಕೂಗು. ಮೊದಲ ಕೂಗಿಗೇ ಚುಕ್ಕಿ ಎಲ್ಲಿದ್ದರೂ ಎದ್ದು ಬಂದು ಅಡುಗೆಮನೆ ಹೊಸಿಲ ಹತ್ತಿರ ಕೂರುತ್ತಾಳೆ. ಒಳಗೆ ಬರುವ ಹಾಗಿಲ್ಲ, ಅದು ಗೊತ್ತು. ಆದರೆ ಮುಂಗಾಲಿನ ಎರಡು ಉಗುರು ಮಾತ್ರ ಹೊಸಿಲ ಈಚೆ ಇರುತ್ತವೆ. ಆವಿ ಇಳಿದ ಮೇಲೆ ಮುಚ್ಚಳ ತೆಗೆದು, ಮೇಲಿನ ಡಬ್ಬಿಯಿಂದ ಎರಡು ಚಮಚ ತರಕಾರಿ ಅವಳ ಸ್ಟೀಲ್ ಬಟ್ಟಲಿಗೆ ತೆಗೆದಿಡುತ್ತೇನೆ. ಚಮಚದ ಹಿಂಬದಿಯಿಂದ ಒತ್ತಿದರೆ ಕುಂಬಳ ಹಾಗೇ ಕರಗುತ್ತೆ. ಹುರುಳಿಕಾಯಿ ಸ್ವಲ್ಪ ಹಟ ಮಾಡುತ್ತೆ. ಅದು ಆರುವಷ್ಟರಲ್ಲಿ ಉಳಿದ ತರಕಾರಿ, ಬೇಳೆ ಒಂದಾಗಿ, ಹುಣಸೆ ರಸ, ಉಪ್ಪು, ಹುಳಿಪುಡಿ ಬೀಳುತ್ತವೆ. ಕೊನೆಗೆ ಇಂಗು, ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ. ಬೇರೆ ಒಲೆ ಬೇಡ, ಬೇರೆ ಪಾತ್ರೆ ಬೇಡ. ಅಮ್ಮ ಊರಿನಿಂದ ಬಂದಾಗ ಮೊದಮೊದಲು ಇದನ್ನು ನೋಡಿ, "ದೇವರಿಗೆ ನೈವೇದ್ಯ ತೆಗೆದಿಡೋ ಹಂಗೆ ನಾಯಿಗೆ ತೆಗೆದಿಡ್ತೀಯಲ್ಲೇ" ಅಂತ ನಗುತ್ತಿದ್ದಳು. ಈಗ ಅವಳೇ ತೆಗೆದಿಡುತ್ತಾಳೆ, ಅದೂ ನಾನು ತೆಗೆಯುವುದಕ್ಕಿಂತ ಜಾಸ್ತಿ.

ಆಮೇಲೆ ಬೀಳುವ ವಸ್ತುಗಳಲ್ಲಿ ಖಾರ ಎಲ್ಲಕ್ಕಿಂತ ಸಣ್ಣ ತೊಂದರೆ. ಬಾಯಿ ಉರಿ, ಹೊಟ್ಟೆ ಕೆಡುವುದು, ಅಷ್ಟರಲ್ಲಿ ಮುಗಿಯುತ್ತೆ. ಉಪ್ಪು ಕೂಡ ಆರೋಗ್ಯವಾಗಿರುವ ನಾಯಿಗೆ ಸ್ವಲ್ಪ ಬೇಕೇ ಬೇಕು, ಆದರೆ ಅದು ಡಾಗ್ ಫುಡ್‌ನಲ್ಲೇ ಇರುತ್ತೆ. ನಿಜವಾದ ಅಪಾಯ ಈರುಳ್ಳಿ ಬೆಳ್ಳುಳ್ಳಿಯದ್ದು. ಅವುಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಕಣಗಳು ಒಡೆದು ರಕ್ತಹೀನತೆ ಬರುತ್ತೆ. ಬೇಯಿಸಿದರೂ ಹುರಿದರೂ ಒಣಗಿಸಿ ಪುಡಿಮಾಡಿದರೂ ಆ ಗುಣ ಹೋಗುವುದಿಲ್ಲ. ನಾಯಿಯ ತೂಕದ ಪ್ರತಿ ಕೆಜಿಗೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆಗೆ ಹೋದಾಗ ರಕ್ತದಲ್ಲಿ ತೊಂದರೆ ಕಂಡಿದೆ. 5 ಕೆಜಿಯ ಪಾಮೇರಿಯನ್‌ಗೆ ಇದು 75 ಗ್ರಾಂ, ಅಂದರೆ ಒಂದು ಸಾಧಾರಣ ಈರುಳ್ಳಿ. ಲಕ್ಷಣ ಕಾಣಲು ಕೆಲವು ದಿನ ಹಿಡಿಯುವುದರಿಂದ, ಒಸಡು ಬಿಳುಚಿಕೊಂಡು ನಾಯಿ ಸುಸ್ತಾಗಿ ಮಲಗಿದಾಗ ಮೊನ್ನೆಯ ಈರುಳ್ಳಿ ಬಜ್ಜಿ ಯಾರಿಗೂ ನೆನಪಿರುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಸಾರು ಪಲ್ಯದಲ್ಲಿ ಹೋದರೂ ಒಳಗೆ ಹಾನಿ ಕೂಡುತ್ತಾ ಹೋಗಬಹುದು.

ಹುಳಿಯ ಕಥೆ ಇನ್ನೂ ಹೊಸದು. ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಕಿಡ್ನಿ ಏಕಾಏಕಿ ಕೆಡುತ್ತೆ ಅಂತ ಪಶುವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಅದರಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ. ಸುಳಿವು ಸಿಕ್ಕಿದ್ದು ಮಕ್ಕಳ ಆಟದ ಹಿಟ್ಟಿನಿಂದ. ಮನೆಯಲ್ಲೇ ಮಾಡಿದ ಆಟದ ಹಿಟ್ಟು ತಿಂದ ನಾಯಿಯೊಂದರಲ್ಲಿ ಅದೇ ಬಗೆಯ ಕಿಡ್ನಿ ತೊಂದರೆ ಕಂಡಿತು. ಆ ಹಿಟ್ಟಿಗೆ ಕ್ರೀಮ್ ಆಫ್ ಟಾರ್ಟರ್ ಹಾಕಿದ್ದರು. ಬೇಕಿಂಗಿಗೆ ಬಳಸುವ ಈ ಪುಡಿ ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿಯಲ್ಲೂ ಇರುವುದು ಟಾರ್ಟಾರಿಕ್ ಆಮ್ಲವೇ. ಅಮೆರಿಕದ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎಯ ವಿಷ ನಿಯಂತ್ರಣ ಕೇಂದ್ರದ ವೈದ್ಯರು 2021ರಲ್ಲಿ ಈ ವಾದ ಮುಂದಿಟ್ಟರು. ಮರುವರ್ಷ ಬಂದ ಲೇಖನದಲ್ಲಿ ಕ್ರೀಮ್ ಆಫ್ ಟಾರ್ಟರ್ ಜೊತೆಗೆ ಹುಣಸೆಹಣ್ಣು ತಿಂದ ನಾಯಿಗಳೂ ಇದ್ದವು. ಹುಣಸೆಹಣ್ಣಿನ ಹುಳಿ ಬಹುಪಾಲು ಈ ಆಮ್ಲದ್ದೇ.

ಇದನ್ನು ಓದಿದಾಗ ನನಗೆ ಕರಿಯ, ರಾಮು ಎಲ್ಲ ನೆನಪಾದವು. ಜೀವನಪೂರ್ತಿ ಹುಣಸೆಹಣ್ಣಿನ ಸಾರೇ ತಿಂದವು ತಾನೆ? ಸಾರಿನಲ್ಲಿ ಹುಣಸೆ ತೆಳುವಾಗಿ ಬೆರೆತಿರುತ್ತೆ, ಒಂದು ಸೌಟಿನಲ್ಲಿ ಹೋಗುವುದು ಅಷ್ಟಕ್ಕಷ್ಟೇ. ಎಲ್ಲ ನಾಯಿಗಳಿಗೂ ಒಂದೇ ಥರ ಆಗುವುದೂ ಇಲ್ಲ. ಹಾಗಾಗಿ ನಿಮ್ಮ ನಾಯಿ ನಿನ್ನೆ ಸಾರನ್ನ ತಿಂದಿದ್ದರೆ ಗಾಬರಿಯಾಗಿ ಆಸ್ಪತ್ರೆಗೆ ಓಡಬೇಕಿಲ್ಲ. ಆದರೆ ನೆನೆಹಾಕಿದ ಹುಣಸೆಹಣ್ಣಿನ ಉಂಡೆಯನ್ನೋ, ಕಿವುಚಿ ಬಿಟ್ಟ ಚರಟವನ್ನೋ ತಿಂದಿದ್ದರೆ ಸುಮ್ಮನಿರಬೇಡಿ. ದ್ರಾಕ್ಷಿಯ ವಿಷಯದಲ್ಲಂತೂ ವಾಂತಿ ಶುರುವಾಗಲಿ ನೋಡೋಣ ಅಂತ ಕಾಯಲೇಬಾರದು. ತಿಂದದ್ದು ಗೊತ್ತಾದ ತಕ್ಷಣ ಡಾಕ್ಟರಿಗೆ ಫೋನ್. ಹಬ್ಬದ ದಿನ ನಮ್ಮ ಮನೆಯಲ್ಲಿ ಕೇಸರಿಬಾತ್, ಪಾಯಸದ ಬಟ್ಟಲುಗಳು ಟೀಪಾಯಿಯಿಂದ ಮೇಲೆ ಹೋಗುತ್ತವೆ. ಪ್ರಸಾದ ಅಂತ ಪ್ರೀತಿಯಿಂದ ಕೈಚಾಚುವ ನೆಂಟರಿಗೆ ಮುಂಚೆಯೇ ಹೇಳಿಬಿಡುತ್ತೇನೆ. ಕೆಲವರಿಗೆ ಬೇಜಾರಾಗುತ್ತೆ. ಆಗಲಿ.

ಚಾಕೊಲೇಟ್ ಬೇಡ ಅನ್ನುವುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಜೈಲಿಟಾಲ್. ಸಕ್ಕರೆರಹಿತ ಚ್ಯೂಯಿಂಗ್ ಗಮ್, ಕೆಲವು ಪೀನಟ್ ಬಟರ್‌ಗಳಲ್ಲಿ ಹಾಕುವ ಸಿಹಿ. ಮನುಷ್ಯರಿಗೆ ಏನೂ ಆಗುವುದಿಲ್ಲ, ನಾಯಿಯ ರಕ್ತದ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುತ್ತೆ. ಮಾವಿನ ಗೊರಟು, ಜೋಳದ ದಿಂಡು ವಿಷವಲ್ಲ. ಆದರೆ ನುಂಗಿದರೆ ಕರುಳಿಗೆ ಅಡ್ಡ ಸಿಕ್ಕಿ ಆಪರೇಷನ್ ಆಗಬೇಕಾಗುತ್ತೆ.

ಎಷ್ಟು ಹಾಕಬೇಕು ಅನ್ನುವುದೇ ಜನ ಕೇಳದ ಪ್ರಶ್ನೆ. ಏನು ಹಾಕಬೇಕು ಅಂತ ಮಾತ್ರ ಕೇಳುತ್ತಾರೆ. ಪಶುವೈದ್ಯರು ಹೇಳುವ ಲೆಕ್ಕ ಸುಲಭವಿದೆ: ಮೇಲೋಗರ, ಬಿಸ್ಕತ್ತು, ಚೂರುಪಾರು ಎಲ್ಲ ಸೇರಿ ದಿನದ ಕ್ಯಾಲೊರಿಯ ಶೇಕಡ 10 ದಾಟಬಾರದು. ಚುಕ್ಕಿಯಂಥ 20 ಕೆಜಿ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 900ರಿಂದ 1,000 ಕ್ಯಾಲೊರಿ ಸಾಕು. ಅದರ ಹತ್ತನೇ ಒಂದು ಭಾಗ ಅಂದರೆ 90, 100. ಒಂದು ಬೇಯಿಸಿದ ಮೊಟ್ಟೆಗೇ 70 ದಾಟುತ್ತೆ. ಅಲ್ಲಿಗೆ ಆವತ್ತಿನ ಖಾತೆ ಬಹುಪಾಲು ಖಾಲಿ. ಒಂದು ಗ್ಲೂಕೋಸ್ ಬಿಸ್ಕತ್ತಿಗೆ 20ಕ್ಕೂ ಜಾಸ್ತಿ. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಅಣ್ಣ ಪ್ರೀತಿಯಿಂದ ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಬಿಸ್ಕತ್ತು ಹಿಡಿದು ಕರೆದರೆ ಎರಡು ನಿಮಿಷದಲ್ಲಿ ಆ 100 ಮುಗಿದುಹೋಗುತ್ತೆ. ಅದೇ 100 ಗ್ರಾಂ ಬೇಯಿಸಿದ ಸಿಹಿಗುಂಬಳಕ್ಕೆ 25ರ ಆಸುಪಾಸು, ಹುರುಳಿಕಾಯಿಗೆ 30, ಕ್ಯಾರೆಟ್‌ಗೆ 40. ಗೆಣಸು ಸಿಹಿ, ಅದಕ್ಕೆ 86. ತರಕಾರಿಯ ದೊಡ್ಡ ಲಾಭ ನನಗೆ ಕಾಣುವುದು ಇಲ್ಲೇ. ಬಟ್ಟಲು ತುಂಬಾ ಕಾಣುತ್ತೆ, ನಾಯಿಗೆ ಖುಷಿ, ಲೆಕ್ಕ ಕೆಡುವುದಿಲ್ಲ.

ಲೆಕ್ಕ ಯಾಕೆ ಇಷ್ಟು ಮುಖ್ಯ ಅಂದರೆ, ನಾಯಿಯ ಆಯಸ್ಸನ್ನು ಊಟದಿಂದ ಹೆಚ್ಚಿಸಬಹುದು ಅಂತ ತೋರಿಸಿದ ಪ್ರಸಿದ್ಧ ಪ್ರಯೋಗದಲ್ಲಿ ಬದಲಾಯಿಸಿದ್ದು ಊಟವನ್ನಲ್ಲ, ಅಳತೆಯನ್ನು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡ 25 ಕಡಿಮೆ ಹಾಕುತ್ತಾ ಜೀವಮಾನಪೂರ್ತಿ ನೋಡಿದರು. 2002ರಲ್ಲಿ ಫಲಿತಾಂಶ ಬಂತು. ಕಡಿಮೆ ತಿಂದವು ಸರಾಸರಿ ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು, ಕೀಲುನೋವೂ ತಡವಾಗಿ ಬಂತು. ಲ್ಯಾಬ್ರಡಾರ್ ಸಾಕಿದವರಿಗೆ ಇದು ಕಷ್ಟದ ಮಾತು ಅಂತ ಗೊತ್ತು. ಆ ತಳಿಯ ಸುಮಾರು ಕಾಲು ಭಾಗ ನಾಯಿಗಳಲ್ಲಿ ಹಸಿವಿಗೆ ಸಂಬಂಧಪಟ್ಟ ಒಂದು ಜೀನಿನ ತುಣುಕೇ ಇಲ್ಲ ಅಂತ ಕೇಂಬ್ರಿಡ್ಜ್‌ನವರು 2016ರಲ್ಲಿ ಕಂಡುಕೊಂಡರು. ಹಾಗಾಗಿ "ಪಾಪ, ಹಸಿದುಕೊಂಡಿದೆ, ಕಣ್ಣು ನೋಡಿ" ಅನ್ನುವವರಿಗೆ ನನ್ನ ಉತ್ತರ: ಆ ಕಣ್ಣು ಊಟ ಆದ ಹತ್ತು ನಿಮಿಷಕ್ಕೂ ಹಾಗೇ ಇರುತ್ತೆ.

ಇನ್ನು ನಾನು ಹಾಕುವ ವಸ್ತುಗಳು. ತರಕಾರಿಯನ್ನು ಬೇಯಿಸಿಯೇ ಹಾಕುತ್ತೇನೆ, ಇಲ್ಲವೇ ತುರಿದು. ಹಸಿ ಕ್ಯಾರೆಟ್ ತುಂಡು ಕೊಟ್ಟರೆ ನಾಯಿ ಕಟಕಟ ಅಂತ ಖುಷಿಯಿಂದ ಅಗಿಯುತ್ತೆ. ಮಾರನೇ ಬೆಳಿಗ್ಗೆ ವಾಕಿಂಗ್ ಹೋದಾಗ ಕೇಸರಿ ಬಣ್ಣದ ಚೂರುಗಳು ಹೋದ ಹಾಗೇ ಹೊರಗೆ ಬಂದಿರುತ್ತವೆ. ಆಟಕ್ಕೆ ಸರಿ, ಪೋಷಣೆಗೆ ಅಷ್ಟಕ್ಕಷ್ಟೇ. ಸಿಹಿಗುಂಬಳ ಹೊಟ್ಟೆಗೆ ಹಿತ. ಮಲ ಗಟ್ಟಿಯಾದರೂ ತೆಳುವಾದರೂ ಅದರ ನಾರು ಎರಡಕ್ಕೂ ಸ್ವಲ್ಪ ಸಹಾಯ ಮಾಡುತ್ತೆ. ಸೀಮೆಬದನೆ, ಸೋರೆ, ಹೀರೆ ಯಾವುದಾದರೂ ನಡೆಯುತ್ತೆ. ಪಾಲಕ್ ಅಪರೂಪಕ್ಕೆ. ಮೂತ್ರದಲ್ಲಿ ಕಲ್ಲಾದ ನಾಯಿಗೆ ಅದೂ ಬೇಡ, ಕಲ್ಲಾಗಲು ಕಾರಣವಾಗುವ ಆಕ್ಸಲೇಟ್ ಅದರಲ್ಲಿ ಜಾಸ್ತಿ. ನೆಲ್ಲಿಕಾಯಿ ಪುಡಿ ಹಾಕಿ, ವಿಟಮಿನ್ ಸಿ ಬರುತ್ತೆ ಅಂತ ವಾಟ್ಸಾಪಿನಲ್ಲಿ ಬರುತ್ತಿರುತ್ತೆ. ನಾಯಿಯ ಲಿವರ್ ತನಗೆ ಬೇಕಾದ ವಿಟಮಿನ್ ಸಿಯನ್ನು ತಾನೇ ಮಾಡಿಕೊಳ್ಳುತ್ತೆ. ನೆಲ್ಲಿಕಾಯಿಯನ್ನು ನಾವೇ ತಿನ್ನೋಣ.

ಮೊಟ್ಟೆಯನ್ನು ಬೇಯಿಸಿ ಕೊಡುತ್ತೇನೆ. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಬಯೋಟಿನ್ ಅನ್ನುವ ವಿಟಮಿನ್ ಅನ್ನು ಕಟ್ಟಿಹಾಕುತ್ತೆ, ಬೇಯಿಸಿದರೆ ಆ ತೊಂದರೆ ಇಲ್ಲ. ಮೊಸರು ಒಂದೆರಡು ಚಮಚ. ಹಾಲು ಅರಗದ ನಾಯಿಗೂ ಮೊಸರು ಸಾಮಾನ್ಯವಾಗಿ ಹಿಡಿಸುತ್ತೆ, ಹೆಪ್ಪಾಗುವಾಗ ಹಾಲಿನ ಸಕ್ಕರೆ ಕಡಿಮೆಯಾಗಿರುತ್ತೆ. ಮಂಗಳೂರಿನ ಗೆಳತಿಯೊಬ್ಬಳು ಬೂತಾಯಿ ಹಾಕುತ್ತಾಳೆ. ಉಪ್ಪಿಲ್ಲದೆ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ನಡುಮುಳ್ಳು ತೆಗೆದು. ಅವಳ ನಾಯಿಗೆ ತುರಿಕೆಯ ಚರ್ಮ. ಮೀನೆಣ್ಣೆಯ ಒಮೆಗಾ-3 ಅಂಥ ಚರ್ಮಕ್ಕೆ ಒಳ್ಳೆಯದು ಅನ್ನುವುದಕ್ಕೆ ಆಧಾರ ಇದೆ. ನನಗಂತೂ ಅವಳ ಮನೆಗೆ ಹೋದಾಗ ಆ ಬೂತಾಯಿಗೆ ಖಾರ ಹಚ್ಚಿ ಕಾವಲಿಗೆ ಹಾಕಬೇಕು ಅನಿಸುತ್ತೆ.

ರಾಗಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮವರಿಗೆ ಅದರ ಮೇಲೆ ಅಷ್ಟು ನಂಬಿಕೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಕಷ್ಟ. ನಾಯಿಗೆ ಕ್ಯಾಲ್ಸಿಯಂ ದೊಡ್ಡ ವಿಷಯ. ಮಾಂಸದಲ್ಲಿ ರಂಜಕ ತುಂಬಾ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ನಾಯಿಯ ಊಟದಲ್ಲಿ ಕ್ಯಾಲ್ಸಿಯಂ ರಂಜಕದಷ್ಟಾದರೂ ಇರಬೇಕು, ಮೇಲೆ ಹೋದರೆ ಅದರ ಎರಡರಷ್ಟು. ಬರೀ ಚಿಕನ್ ಮತ್ತು ಅನ್ನ ತಿಂದು ಬೆಳೆಯುವ ಮರಿಯ ದೇಹ ರಕ್ತದ ಕ್ಯಾಲ್ಸಿಯಂ ಸರಿದೂಗಿಸಲು ತನ್ನದೇ ಮೂಳೆಯಿಂದ ತೆಗೆಯುತ್ತೆ. ಕಾಲು ಸೊಟ್ಟಗಾಗುತ್ತೆ, ಸೋಫಾದಿಂದ ಹಾರಿದರೂ ಮೂಳೆ ಮುರಿಯಬಹುದು. ಡಾಕ್ಟರ ಹತ್ತಿರ ಕೂತಾಗ ಇಂಥ ಜರ್ಮನ್ ಶೆಫರ್ಡ್ ಮರಿಯೊಂದನ್ನು ನೋಡಿದೆ. ಮನೆಯವರು ಕಡಿಮೆ ಮಾಡಿದವರಲ್ಲ, ದಿನಾ ಅರ್ಧ ಕೆಜಿ ಚಿಕನ್ ಹಾಕುತ್ತಿದ್ದರು. ಮರಿಯ ಮುಂಗಾಲು ಎರಡೂ ಹೊರಗೆ ಬಾಗಿದ್ದವು.

ಹಾಗಂತ ಚಿಕನ್ ಜೊತೆ ಮುದ್ದೆ ಹಾಕಿದರೆ ಸರಿಹೋಗುತ್ತಾ? ಇಲ್ಲ. ರಾಗಿಯ ಕ್ಯಾಲ್ಸಿಯಂನಲ್ಲಿ ಒಂದು ಪಾಲನ್ನು ಅದರಲ್ಲೇ ಇರುವ ಫೈಟೇಟ್ ಅನ್ನುವ ಸಂಯುಕ್ತ ಹಿಡಿದಿಟ್ಟುಕೊಳ್ಳುತ್ತೆ. ಅದನ್ನು ಮರೆತರೂ, 100 ಗ್ರಾಂ ರಾಗಿಗೆ 320 ಕ್ಯಾಲೊರಿ ಇದೆ. ಚುಕ್ಕಿಗೆ ದಿನಕ್ಕೆ ಬೇಕಾದ ಒಂದು ಗ್ರಾಂ ಆಸುಪಾಸಿನ ಕ್ಯಾಲ್ಸಿಯಂ ಅನ್ನು ರಾಗಿಯಿಂದಲೇ ತುಂಬಿಸಲು ಹೊರಟರೆ ಇಡೀ ದಿನದ ಊಟ ರಾಗಿಯೇ ಆಗುತ್ತೆ, ಮೊಟ್ಟೆಗೆ ಮಾಂಸಕ್ಕೆ ಜಾಗ ಇರುವುದಿಲ್ಲ. ಒಂದು ನಿಂಬೆಗಾತ್ರದ ಮುದ್ದೆ, ಡಾಗ್ ಫುಡ್ ಮೇಲೆ, ವಾರಕ್ಕೆ ಎರಡು ಮೂರು ದಿನ. ಚುಕ್ಕಿ ಅದನ್ನು ನಮ್ಮ ಹಾಗೇ ಅಗಿಯದೆ ನುಂಗುತ್ತಾಳೆ.

ಪೂರ್ತಿ ಮನೆ ಊಟವನ್ನೇ ಹಾಕುತ್ತೇನೆ ಅನ್ನುವವರು ತುಂಬಾ ಇದ್ದಾರೆ, ಅವರ ಆಸೆ ನನಗೆ ಅರ್ಥವಾಗುತ್ತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2013ರಲ್ಲಿ ಪುಸ್ತಕ, ವೆಬ್‌ಸೈಟ್‌ಗಳಲ್ಲಿ ಸಿಕ್ಕ 200 ಮನೆ ಅಡುಗೆ ವಿಧಾನಗಳನ್ನು ಲೆಕ್ಕ ಹಾಕಿ ನೋಡಿದರು. ಶೇಕಡ 95ರಲ್ಲಿ ಕನಿಷ್ಠ ಒಂದು ಪೋಷಕಾಂಶವಾದರೂ ಕಡಿಮೆ ಇತ್ತು. ಅದರಲ್ಲಿ ಪಶುವೈದ್ಯರೇ ಬರೆದವೂ ಸೇರಿದ್ದವು! ನಾಯಿ ಬಿಸಿಲಿನಲ್ಲಿ ಮಲಗಿದರೂ ಮನುಷ್ಯರ ಹಾಗೆ ಸಾಕಷ್ಟು ವಿಟಮಿನ್ ಡಿ ಮಾಡಿಕೊಳ್ಳಲಾರದು, ಅದು ಊಟದಿಂದಲೇ ಬರಬೇಕು. ಸತು, ಅಯೋಡಿನ್, ವಿಟಮಿನ್ ಇ ಕೂಡ ಮೊಸರನ್ನದಿಂದ ಬರುವುದಿಲ್ಲ. ಮಾಡಲೇಬೇಕು ಅಂದರೆ ಪೋಷಣೆ ಗೊತ್ತಿರುವ ಪಶುವೈದ್ಯರಿಂದ ನಿಮ್ಮ ನಾಯಿಗೇ ಅಂತ ಬರೆಸಿಕೊಂಡು, ತಕ್ಕಡಿ ಇಟ್ಟುಕೊಂಡು ಮಾಡಿ. "ಇವತ್ತು ಇದು ಮುಗೀತು, ಅದು ಹಾಕೋಣ" ಅನ್ನುವ ಹಾಗಿಲ್ಲ.

ಚಿಕನ್ ಅಂಗಡಿಯಲ್ಲಿ "ನಾಯಿಗೆ" ಅಂದರೆ ಚರ್ಮ, ಕೊಬ್ಬು, ಕತ್ತು, ಕಾಲು ಎಲ್ಲ ಒಂದು ಕವರಿಗೆ ತುಂಬಿ ಅಗ್ಗಕ್ಕೆ ಕೊಡುತ್ತಾರೆ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತೆ, ಗಂಟಲಲ್ಲೋ ಕರುಳಲ್ಲೋ ಚುಚ್ಚುತ್ತೆ. ಚರ್ಮ, ಕೊಬ್ಬು ಒಮ್ಮೆಗೇ ಜಾಸ್ತಿ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಆಸ್ಪತ್ರೆ ಸೇರಬೇಕಾಗುತ್ತೆ. ನಾನು ಅಲ್ಲಿ ಕೇಳುವುದು ಬೋನ್‌ಲೆಸ್ ಕಾಲು ಕೆಜಿ ಮತ್ತು ಒಂದೆರಡು ಲಿವರ್. ಲಿವರ್ ಕೂಡ ಬೆರಳಿನ ತುದಿಯಷ್ಟು, ವಿಟಮಿನ್ ಎ ಅದರಲ್ಲಿ ಅತಿಯಾಗಿದೆ. "ಇಷ್ಟೇನಾ ಮೇಡಂ?" ಅಂತ ಅಂಗಡಿಯವನು ಪ್ರತಿಸಲ ಕೇಳುತ್ತಾನೆ.

ಹೊಸದು ಏನೇ ಶುರುಮಾಡಿದರೂ ಒಂದು ಸಲಕ್ಕೆ ಒಂದೇ, ಅದೂ ಒಂದು ಚಮಚದಿಂದ. ಮೂರು ನಾಲ್ಕು ದಿನ ಮಲ ನೋಡಬೇಕು. ಅಸಹ್ಯ ಅನಿಸಬಹುದು, ನಾಯಿ ಸಾಕಿದ ಮೇಲೆ ಬೇರೆ ವರದಿ ಸಿಗುವುದಿಲ್ಲ. ಮೇಲೆ ಹಾಕಿದಷ್ಟು ಕ್ಯಾಲೊರಿಯನ್ನು ಡಾಗ್ ಫುಡ್ಡಿನಿಂದ ತೆಗೆಯಬೇಕು. ಅಮ್ಮನಿಗೆ ಇದೊಂದು ಮಾತ್ರ ಒಪ್ಪಿಗೆಯಿಲ್ಲ. "ಕೊಡೋದು ಕೊಟ್ಟು ಆಮೇಲೆ ಕಿತ್ಕೊಳ್ಳೋದು ಯಾವ ನ್ಯಾಯ ಕಣೇ" ಅನ್ನುತ್ತಾಳೆ. ಅವಳು ಬಂದು ಹೋದ ತಿಂಗಳಲ್ಲಿ ಚುಕ್ಕಿಯ ತೂಕ ಏರಿರುತ್ತೆ.

ಕಿಡ್ನಿ, ಲಿವರ್, ಸಕ್ಕರೆ ಕಾಯಿಲೆ ಇರುವ ನಾಯಿಗೆ ಈ ಬರಹದ ಅರ್ಧ ಭಾಗ ಹೊಂದುವುದಿಲ್ಲ, ಡಾಕ್ಟರ ಹತ್ತಿರ ಕೇಳಿಯೇ ಹಾಕಬೇಕು. ಚುಕ್ಕಿಗೂ ವಯಸ್ಸಾಯಿತಲ್ಲ, ಈ ಸಲ ಲಸಿಕೆಗೆ ಹೋದಾಗ ಡಾಕ್ಟರು ನೀರು ಜಾಸ್ತಿ ಕುಡಿಯುತ್ತಾಳಾ ಅಂತ ಕೇಳಿದರು. ಬರುವ ವಾರ ರಕ್ತ ಪರೀಕ್ಷೆ ಇದೆ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಸರಿಯಿದ್ದರೆ ಮೊಟ್ಟೆ ಹೀಗೇ ಮುಂದುವರಿಯುತ್ತೆ. ಇಲ್ಲದಿದ್ದರೆ ಬಿಳಿಭಾಗ ಅವಳಿಗೆ, ರಂಜಕ ಜಾಸ್ತಿ ಇರುವ ಹಳದಿ ನನಗೆ.